ಒರತೆಯ ಮೇಲಿನ ಗೆರೆ

ನಿವೃತ್ತನಾದ ಮೇಲೆ ಅಳತೆಯ ವಿಷಯ ಹಿಡಿದು ನನ್ನ ಮನೆಗೆ ಬರುವವರು ಎರಡೇ ಬಗೆ. ಪಾಲಿನ ಜಗಳಕ್ಕೆ ಬಿದ್ದ ಅಣ್ಣತಮ್ಮಂದಿರು, ಇಲ್ಲವೇ ಪಕ್ಕದವನು ಬೇಲಿ ಸರಿಸಿದ ಎಂದು ಸಿಟ್ಟಾದವರು. ಹಾಗಾಗಿ ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಸಾಗರದ ನಮ್ಮ ಮನೆಯ ಗೇಟಿನ ಮುಂದೆ ಹಳೆಯ ಜೀಪೊಂದು ನಿಂತು, ಅದರಿಂದ ಒಬ್ಬ ದೇವಸ್ಥಾನದ ಭಟ್ಟರು, ಒಬ್ಬ ಚರ್ಚಿನ ಫಾದರ್, ಬಿಳಿ ಟೋಪಿಯ ಒಬ್ಬ ಹಿರಿಯರು ಒಬ್ಬರ ಹಿಂದೊಬ್ಬರು ಇಳಿದಾಗ, ಈ ಮೂವರ ನಡುವೆ ಅದ್ಯಾವ ಬೇಲಿ ಸರಿದಿರಬಹುದು ಎಂದು ಯೋಚಿಸುತ್ತ ನಿಂತೆ. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ಎಂತ ಗಲಾಟೆಯೋ ಏನೋ. ನೀವು ಎಲ್ಲೂ ಸಹಿ ಹಾಕ್ಬೇಡಿ" ಎಂದಳು.

ನಾನು ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಭೂಮಾಪಕನಾಗಿದ್ದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲೇ ಸರಪಳಿ ಎಳೆದು, ನಕ್ಷೆ ಬರೆದು, ಗಡಿಕಲ್ಲು ನೆಡಿಸಿ ವಯಸ್ಸು ಕಳೆದವನು. ನಮ್ಮಪ್ಪ ಗೇಣಿದಾರ. ಉಳುವವನಿಗೆ ನೆಲ ಎಂದಾದಾಗ ಒಬ್ಬ ಭೂಮಾಪಕ ಬಂದು ನಮ್ಮ ಗದ್ದೆಯ ಮೂಲೆಗೆ ಕಲ್ಲು ನೆಟ್ಟು ಹೋದನಂತೆ. ಅವತ್ತು ಅಪ್ಪ ಆ ಕಲ್ಲಿಗೆ ಕುಂಕುಮ ಹಚ್ಚಿದ್ದನಂತೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅದೇ ಹುಚ್ಚಿನಲ್ಲಿ.

ಮಾತು ಶುರು ಮಾಡಿದವರು ಬಿಳಿ ಟೋಪಿಯವರು. ತೀರ್ಥಹಳ್ಳಿಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಈಗ ಮಸೀದಿಯ ಕಮಿಟಿಯಲ್ಲಿದ್ದರು.

"ನಮ್ಮ ತಮ್ಮಂದೊಂದು ನೀರಿನ ಟ್ಯಾಂಕರ್ ಇದೆ ಸಾರ್. ಹೋದ ತಿಂಗಳು ಹೊಸನಗರದ ಕಡೆ ಹೊರಟಿತ್ತು. ನಂಗೂ ಆ ಕಡೆ ಕೆಲ್ಸ ಇತ್ತು, ಹತ್ತಿ ಕೂತೆ. ಹೋಗಿ ನಿಂತಿದ್ದು ಇವ್ರ ದೇವಸ್ಥಾನದ ಮುಂದೆ. ಇವ್ರು ಬಿಂದಿಗೆ ಹಿಡ್ಕೊಂಡು ಹೊರಗೆ ಬಂದ್ರು. ದೇವರಿಗೂ ಟ್ಯಾಂಕರ್ ನೀರಾ ಭಟ್ರೇ ಅಂತ ಕೇಳ್ದೆ. ಕೇಳ್ಬಾರದಿತ್ತು. ಇವ್ರು ಮೆಟ್ಟಿಲ ಮೇಲೆ ಕೂತೇ ಬಿಟ್ರು."

ಭಟ್ಟರು ಹೊಸನಗರ ತಾಲ್ಲೂಕಿನ ಒಂದು ಒಳಊರಿನವರು. ಅವರ ದೇವಸ್ಥಾನದ ಹಿಂದೆ ದೇವರಿಗೆ ಬಿಟ್ಟ ಒಂದು ಬನ, ಬನದ ತಲೆಯಲ್ಲೊಂದು ಒರತೆ. ಅಜ್ಜನ ಕಾಲದಿಂದ ಅಭಿಷೇಕಕ್ಕೆ ಅದೇ ನೀರು. ಆ ವರ್ಷ ಶಿವರಾತ್ರಿಯ ಹೊತ್ತಿಗೇ ಒರತೆ ಒಣಗಿ ಹೋಗಿತ್ತು. "ಟ್ಯಾಂಕರ್ ನೀರು ಹಾಕುವಾಗ ಮಂತ್ರ ಮರೆತು ಹೋಗ್ತದೆ" ಎಂದರು ಭಟ್ಟರು, ನನ್ನ ಮುಖ ನೋಡದೆ.

ಮೆಟ್ಟಿಲ ಮೇಲೆ ಕೂತ ಭಟ್ಟರಿಗೆ ಮೇಷ್ಟ್ರು ತಮ್ಮ ಕಥೆ ಹೇಳಿದ್ದರು. ಅವರ ಕಬರಸ್ತಾನದ ಬಾವಿಯೂ ಬತ್ತಿ, ಹೆಣಕ್ಕೆ ಸ್ನಾನ ಮಾಡಿಸಲು ಇದೇ ಟ್ಯಾಂಕರಿನಿಂದ ನೀರು ಹಿಡಿದಿದ್ದರು. ಫಾದರ್ ಇವರಿಬ್ಬರಿಗೆ ಸಿಕ್ಕಿದ್ದು ಜಿಲ್ಲಾ ಕಚೇರಿಯಲ್ಲಿ ನೀರಿನ ಅರ್ಜಿ ಹಿಡಿದು ನಿಂತ ಸಾಲಿನಲ್ಲಿ. ಅವರು ಕರಾವಳಿಯ ಕಡೆಯಿಂದ ಸಾಗರಕ್ಕೆ ಬಂದವರು, ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. "ಒಂದೇ ವಾರ ಮೂರು ಕಡೆಯೂ ಮಳೆಗೆ ಪ್ರಾರ್ಥನೆ ಆಗಿತ್ತು ಮಾರಾಯ್ರೆ. ಮಳೆ ಬಂತು. ಎರಡು ದಿವಸ ಹೊಡೆದು ರಸ್ತೆ ಕಿತ್ತುಕೊಂಡು ಹೋಯ್ತು. ಯಾರ ಪ್ರಾರ್ಥನೆಗೆ ಬಂದದ್ದೋ, ಯಾರೂ ಒಪ್ಪಿಕೊಳ್ಳುವುದಿಲ್ಲ" ಎಂದರು.

ಅವರ ಯೋಚನೆ ಸರಳವಾಗಿತ್ತು. ಹವಾಮಾನ ಕೆಟ್ಟಿದೆ ಎಂದು ದಿನಾ ಪೇಪರಿನಲ್ಲಿ ಓದುತ್ತೇವೆ, ಲೋಕವನ್ನೆಲ್ಲ ಸರಿ ಮಾಡಲು ನಮ್ಮಿಂದಾಗದು. ಆದರೆ ದೇವಸ್ಥಾನಕ್ಕೊಂದು ಬನವಿದೆ, ಮಸೀದಿಗೆ ಕಬರಸ್ತಾನದ ಮರಗಳಿವೆ, ಚರ್ಚಿಗೆ ಸಮಾಧಿ ತೋಟವಿದೆ. ಎಷ್ಟೋ ಕಡೆ ಇವೇ ಊರಿನ ನೀರಿನ ತಲೆ. ಮೂರು ತಾಲ್ಲೂಕಿನಲ್ಲಿ ಇಂಥ ಜಾಗಗಳನ್ನೆಲ್ಲ ಅಳೆದು, ಕಲ್ಲು ನೆಟ್ಟು, ಇನ್ನು ಮುಂದೆ ಒಂದು ಮರವನ್ನೂ ಕಡಿಯದಂತೆ, ನಡುವೆ ರಸ್ತೆ ತೆಗೆಯದಂತೆ, ನೀರಿನ ಮೂಲವೆಂದು ದಾಖಲೆ ಮಾಡಿ ಎಂದು ಎಲ್ಲರೂ ಸೇರಿ ಸರ್ಕಾರಕ್ಕೆ ಮನವಿ ಕೊಡುವುದು. ಅದಕ್ಕೆ ಹಳೆಯ ನಕ್ಷೆ ಓದಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು.

"ನಂಗೆ ದೇವರ ವಿಷಯ ಅಷ್ಟು ತಿಳಿಯೋದಿಲ್ಲ" ಎಂದೆ. ಅದು ನಿಜ. ನನ್ನ ಹೆಂಡತಿ ತಿಂಗಳಿಗೊಮ್ಮೆ ವರದಹಳ್ಳಿಯ ಆಶ್ರಮಕ್ಕೆ ಹೋಗುತ್ತಾಳೆ. ನಾನು ಅವಳನ್ನು ಸ್ಕೂಟರಿನಲ್ಲಿ ಬಿಟ್ಟು, ಕೆಳಗೆ ಮರದ ನೆರಳಿನಲ್ಲಿ ಪೇಪರ್ ಓದುತ್ತೇನೆ.

"ತಿಳಿದವರು ಮೂರು ಜನ ಇದ್ದೇವಲ್ಲ, ಅದೇ ಜಾಸ್ತಿ ಆಗಿದೆ" ಎಂದರು ಫಾದರ್.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಹೆಂಡತಿ ಕೇಳಿದಾಗ, ನಕ್ಷೆ ಬಿಡಿಸಿ ಬಹಳ ದಿನವಾಯಿತು ಎಂದೆ.

ಮೊದಲ ಸಭೆ ಸಾಗರದ ಚರ್ಚಿನ ಪಕ್ಕದ ಹಾಲಿನಲ್ಲಿ. ಇಪ್ಪತ್ತು ಇಪ್ಪತ್ತೈದು ಜನ ಬಂದಿದ್ದರು. ಪ್ರಾರ್ಥನೆ ಯಾವುದು ಮೊದಲು ಎಂಬಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಎಲ್ಲರೂ ಎರಡು ನಿಮಿಷ ಸುಮ್ಮನೆ ನಿಲ್ಲುವುದೆಂದು ತೀರ್ಮಾನವಾಯಿತು. ಆ ಎರಡು ನಿಮಿಷದಲ್ಲಿ ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದುದು ಬಿಟ್ಟರೆ ನನ್ನ ತಲೆಗೆ ಬೇರೇನೂ ಬರಲಿಲ್ಲ. ಉಳಿದವರು ಕಣ್ಣು ಮುಚ್ಚಿ ಅಷ್ಟು ಗಂಭೀರವಾಗಿ ಏನನ್ನು ಕಾಣುತ್ತಿದ್ದಾರೆ ಎಂದು ಒಬ್ಬೊಬ್ಬರ ಮುಖ ನೋಡಿದೆ. ಮೇಷ್ಟ್ರೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಮನವಿಯ ಕರಡು ಬರೆಯಲು ಕೂತೆವು. ನನಗೆ ಗೊತ್ತಿದ್ದುದು ಒಂದೇ ಕ್ರಮ: ಜಾಗ ಎಲ್ಲಿದೆ, ಎಷ್ಟಿದೆ, ಯಾರದು. ಗೆರೆ ಎಳೆದು ಕಾಲಂ ಮಾಡಿ, "ಮಾಲೀಕರ ಹೆಸರು ಹೇಳ್ತಾ ಹೋಗಿ" ಎಂದೆ.

"ನಮ್ಮದು ಅಂತ ಬರೀಬೇಡಿ ಸಾರ್. ಭೂಮಿ ದೇವರು ನಮ್ಮನ್ನ ನಂಬಿ ಕೊಟ್ಟ ಅಮಾನತ್ತು. ಇಟ್ಕೊಂಡಿದ್ದು ವಾಪಸ್ ಕೊಡ್ಬೇಕು" ಎಂದರು ಮೇಷ್ಟ್ರು.

"ನಮ್ಮಲ್ಲಿಯೂ ಹಾಗೆಯೇ. ತೋಟ ದೇವರದ್ದು, ನಾವು ಕಾಯುವವರು" ಎಂದರು ಫಾದರ್.

"ಬನ ಚೌಡಮ್ಮಂದು. ನಾವು ಒಣಗಿದ ಕಡ್ಡಿ ಕೂಡ ತರೂದಿಲ್ಲ" ಎಂದರು ಭಟ್ಟರು.

ನನ್ನ ಪೆನ್ನು ಹಾಗೇ ನಿಂತಿತು. ಮೂವತ್ತು ವರ್ಷ, ಮಾಲೀಕನಿಲ್ಲದ ಒಂದು ಗೇಣು ನೆಲವನ್ನೂ ನಾನು ಬರೆದವನಲ್ಲ. "ನಮ್ಮದು" ಎಂದು ಹೇಳುವ ಹಕ್ಕಿಗಾಗಿ ನಮ್ಮಪ್ಪ ಅರ್ಧ ಆಯುಷ್ಯ ಕಚೇರಿ ಸುತ್ತಿದ್ದ. ಇಲ್ಲಿ ಮೂವರು ಸಂತೋಷದಿಂದ "ನಮ್ಮದಲ್ಲ" ಎನ್ನುತ್ತಿದ್ದರು. ಅದು ದೊಡ್ಡ ಮಾತೋ, ಅಥವಾ ಎಂದೂ ನೆಲ ಕಳೆದುಕೊಳ್ಳದವರು ಮಾತ್ರ ಆಡಬಹುದಾದ ಮಾತೋ ನನಗೆ ತಿಳಿಯಲಿಲ್ಲ. ಆ ಕಾಲಂ ಖಾಲಿ ಬಿಟ್ಟೆ.

ಮೂರು ಕಡೆಯೂ ಒಂದೇ ವಾರ ಒಂದೇ ವಿಷಯ ಮಾತಾಡಬೇಕು ಎಂಬುದು ಫಾದರ್ ಕೊಟ್ಟ ಸಲಹೆ. ಶುಕ್ರವಾರ ಮಸೀದಿ, ಭಾನುವಾರ ಚರ್ಚು, ಸೋಮವಾರ ದೇವಸ್ಥಾನ. ಯಾವ ಪಕ್ಷದವನೂ ಅಲ್ಲದ ನಾನು ಮೂರನ್ನೂ ಕೇಳಿ ಬಂದು ವರದಿ ಹೇಳಬೇಕು. ತೀರ್ಥಹಳ್ಳಿಯಲ್ಲಿ ಮಸೀದಿಯ ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮರವೊಂದನ್ನು ನೆಟ್ಟರೆ ಅದರ ಹಣ್ಣು ತಿನ್ನುವ ಹಕ್ಕಿಯ ಪುಣ್ಯವೂ ನೆಟ್ಟವನಿಗೆ ಎಂದು ಒಳಗೆ ಪ್ರವಚನದಲ್ಲಿ ಹೇಳಿದ್ದು ತಿಳಿಯಿತು. ಚರ್ಚಿನಲ್ಲಿ ಫಾದರ್ ಪ್ಲಾಸ್ಟಿಕ್, ಪೆಟ್ರೋಲು, ಪಾಪ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಸೋಮವಾರ ಭಟ್ಟರು ಮಂಗಳಾರತಿ ಮುಗಿಸಿ ಎದ್ದುನಿಂತು ನಾಲ್ಕು ಮಾತು ಹೇಳುವಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹಿರಿಯರು ಕೈ ಎತ್ತಿದರು.

"ಭಟ್ರೇ, ಒರತೆ ಒಣಗಿದ್ದು ನಮ್ಮ ಪಾಪಕ್ಕಾ, ಮೇಲಿನ ಶುಂಠಿ ಗದ್ದೆಗಾ?"

ಭಟ್ಟರು ತೀರ್ಥದ ಚಮಚ ಹಿಡಿದು ಯೋಚಿಸಿದರು. "ಎರಡೂ ಬೇರೆ ಅಲ್ಲ ಅನಿಸ್ತದೆ" ಎಂದರು. ಹಿರಿಯರಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ. ಆದರೆ ಮೇಲೆ ಶುಂಠಿ ಬೆಳೆಯುತ್ತಿದ್ದಾರೆ ಎಂಬುದು ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಅಳತೆ ಶುರುವಾದದ್ದು ತೀರ್ಥಹಳ್ಳಿಯ ಕಬರಸ್ತಾನದಿಂದ. ಟೇಪಿನ ಒಂದು ತುದಿ ನಾನು, ಇನ್ನೊಂದು ತುದಿ ಭಟ್ಟರು. ಮೇಷ್ಟ್ರು ಮೊಬೈಲಿನಲ್ಲಿ ಯಾವುದೋ ಆ್ಯಪ್ ತೆರೆದು ನನ್ನ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದರು. ಮೊದಲಿಗೆ ಭಟ್ಟರು ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ನಿಂತೇ ಇದ್ದರು.

"ನಾನು ಒಳಗೆ ಬರಬಹುದಾ?"

"ಬನ್ನಿ ಬನ್ನಿ, ಇಲ್ಲಿ ಮಲಗಿದೋರು ಯಾರೂ ಬೇಡ ಅನ್ನಲ್ಲ" ಎಂದರು ಮೇಷ್ಟ್ರು. ಆಮೇಲೆ ಎರಡು ದೊಡ್ಡ ಹೊನ್ನೆ ಮರಗಳ ನಡುವಿನ ಒಂದು ಗೋರಿಯ ಹತ್ತಿರ ಟೇಪ್ ಎಳೆಯುವಾಗ, "ಸ್ವಲ್ಪ ಸುತ್ತಿ ಬನ್ನಿ ಭಟ್ರೇ, ಇದು ನಮ್ಮ ಮನೆಯೋರು" ಎಂದರು. ಭಟ್ಟರು ನಿಂತು ಕೈ ಮುಗಿದರು. ಒಳಗೆ ತಂಪಿತ್ತು. ನಾನು ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದರೂ ಒಳಗೆ ಇಷ್ಟು ದೊಡ್ಡ ಮರಗಳಿವೆ ಎಂದು ನೋಡಿರಲಿಲ್ಲ.

ಎರಡನೇ ಅಳತೆ ಭಟ್ಟರ ಬನದ್ದು. ಮೇಷ್ಟ್ರು ಅರ್ಜಿ ಹಾಕಿ ಹಳೆಯ ನಕ್ಷೆಯ ನಕಲು ತರಿಸಿದ್ದರು. ದೇವಸ್ಥಾನದ ಕಟ್ಟೆಯ ಮೇಲೆ ನಾಲ್ವರೂ ಕೂತು ಅದನ್ನು ಬಿಡಿಸಿದೆವು. ಗೆರೆಗಳನ್ನು ಓದುತ್ತ ಬಂದೆ. ಉತ್ತರಕ್ಕೆ ಹೊಳೆ, ಪಶ್ಚಿಮಕ್ಕೆ ಮಣ್ಣಿನ ದರೆ, ಪೂರ್ವಕ್ಕೆ ಬನದ ಮೇಲಿನ ಗಡಿ. ಅಲ್ಲಿ ಏನೋ ಸರಿಯಿಲ್ಲ ಅನಿಸಿತು. ಗಡಿ ಗುಡ್ಡದ ತಲೆಯ ಮೇಲೆ ಹೋಗಬೇಕಾಗಿತ್ತು. ನಕ್ಷೆಯಲ್ಲಿ ಅದು ಕೆಳಕ್ಕೆ ಬಾಗಿ ಒರತೆಯ ಈಚೆ ಬಂದಿತ್ತು. ಅಂದರೆ ದಾಖಲೆಯ ಪ್ರಕಾರ ಒರತೆಯೂ ಅದರ ಮೇಲಿನ ಇಳಿಜಾರೂ ಬನದ ಹೊರಗೆ.

"ಇದನ್ನು ಯಾರು ಬರೆದದ್ದು ಮಾರಾಯ್ರೆ?" ಎಂದರು ಫಾದರ್.

ನಕ್ಷೆಯ ಕೆಳಗಿನ ಬಲಮೂಲೆ ನೋಡಿದೆ. ನನ್ನ ಸಹಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಕುತ್ತಿದ್ದ, ಕೊನೆಯಲ್ಲಿ ಸುರುಳಿಯಿರುವ ಸಹಿ. ಈಗಿನದು ಹಾಗಿಲ್ಲ. ಅದಕ್ಕೇ ಉಳಿದ ಮೂವರಿಗೆ ಗೊತ್ತಾಗಲಿಲ್ಲ. "ಹಳೇದು" ಎಂದಷ್ಟೇ ಹೇಳಿ ಮಡಿಸಿ ಜೇಬಿಗೆ ಹಾಕಿದೆ.

ಬನ ಹತ್ತಿ ಹೋದೆವು. ಒರತೆಯ ಬಾಯಲ್ಲಿ ಒಣ ಎಲೆಗಳಿದ್ದವು. ಅದರ ಮೇಲೆ ಇಪ್ಪತ್ತು ಮಾರು ನಡೆದರೆ ಬನ ಇದ್ದಕ್ಕಿದ್ದಂತೆ ಮುಗಿದು, ಕೆಂಪು ಮಣ್ಣಿನ ಉದ್ದುದ್ದ ಏರಿಗಳು. ಶುಂಠಿ ಕಿತ್ತ ನೆಲ. ಆಚೆ ನಾಲ್ಕು ಹೆಂಚಿನ ಮನೆಗಳು. ಟೇಪ್ ನೋಡಿದ ಕೂಡಲೇ ಮೊದಲ ಮನೆಯಿಂದ ಐವತ್ತರ ಹತ್ತಿರದ ಒಬ್ಬ ಹೆಂಗಸು ಇಳಿದು ಬಂದಳು. ಕೈಯಲ್ಲಿ ಕತ್ತಿಯಿತ್ತು, ಸೊಪ್ಪು ಕಡಿಯುತ್ತಿದ್ದಳೇನೋ.

"ಎಂತಕ್ಕೆ ಅಳತೆ? ಮತ್ತೆ ಎಬ್ಬಿಸ್ತೀರಾ ನಮ್ಮನ್ನ?"

ಭಟ್ಟರು, "ಇಲ್ಲ ಮಾರಾಯ್ತಿ, ಬನಕ್ಕೆ ಕಲ್ಲು ನೆಡೂದಕ್ಕೆ" ಎಂದರು.

"ಕಲ್ಲು ನೆಟ್ರೆ ನಾವು ಒಳಗೋ ಹೊರಗೋ?"

ಭಟ್ಟರು ನನ್ನ ಕಡೆ ನೋಡಿದರು. ಅವಳೇ ಹೇಳಿದಳು. ಅವಳ ಅತ್ತೆ ಮಾವ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರಿನವರು. ಲಾರಿಯಲ್ಲಿ ತಂದು ಈ ಗುಡ್ಡದ ಮೇಲೆ ಇಳಿಸಿದ್ದರು. ಮೂರು ತಲೆಮಾರಾದರೂ ಹಕ್ಕುಪತ್ರ ಇಲ್ಲ. "ನಮ್ಮತ್ತೆ ಸಾಯೋ ತನಕ ಹೇಳ್ತಿದ್ರು. ಒಬ್ರು ಸರ್ವೇರು ಬಂದಿದ್ರಂತೆ. ಅತ್ತೆ ಮಜ್ಜಿಗೆ ಕೊಟ್ಟು, ಅಯ್ಯಾ, ಇನ್ನೊಂದ್ಸಲ ಮುಳುಗಿಸಬೇಡಿ ಅಂದ್ರಂತೆ. ಅವ್ರು ಬನದ ಗೆರೆ ಕೆಳಗೆ ಎಳ್ದು ನಮ್ಮನ್ನ ಹೊರಗೆ ಬಿಟ್ರಂತೆ. ಅದ್ಕೇ ಇಲ್ಲಿ ತನಕ ಫಾರೆಸ್ಟಿನೋರು ಮುಟ್ಟಲಿಲ್ಲ. ದೇವರಂಥ ಮನುಷ್ಯ."

ನನ್ನ ಕೈಯಲ್ಲಿ ಟೇಪಿತ್ತು. ಜೇಬಿನಲ್ಲಿ ನಕ್ಷೆಯಿತ್ತು. ನಾನು ಎಷ್ಟು ಕೆದಕಿದರೂ ಮಜ್ಜಿಗೆ ನೆನಪಾಗಲಿಲ್ಲ. ಆ ಮುದುಕಿ ನೆನಪಾಗಲಿಲ್ಲ. ಈ ಗುಡ್ಡ ಹತ್ತಿದ್ದೇ ನೆನಪಾಗಲಿಲ್ಲ. ಆ ಕಾಲದಲ್ಲಿ ಮಳೆಗಾಲ ಹತ್ತಿರ ಬಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಹೆದರಿಕೆಗೆ ಎಷ್ಟೋ ಬನಗಳ ಮೇಲಿನ ಗಡಿಯನ್ನು ಕೆಳಗೆ ನಿಂತೇ ಅಂದಾಜಿನಲ್ಲಿ ಎಳೆದದ್ದುಂಟು. ಎಳೆದವನು ನಾನೊಬ್ಬನೇ ಅಲ್ಲ. ಹಾಗಾದರೆ ಇದು ಕರುಣೆಯೋ, ಸೋಮಾರಿತನವೋ? ಕರುಣೆಯೇ ಆಗಿದ್ದರೂ ಅದರ ಮೇಲೆ ಶುಂಠಿ ಬೆಳೆದು, ಒರತೆ ಬತ್ತಿ, ದೇವರು ಟ್ಯಾಂಕರ್ ನೀರಿಗೆ ಬಂದಾಯಿತಲ್ಲ.

ಅವತ್ತು ಅಳತೆ ಆಗಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಫಾದರ್ ಎರಡು ಸಲ ಹುಷಾರಿದ್ದೀರಾ ಎಂದು ಕೇಳಿದರು. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಒಳ್ಳೇದು ಮಾಡಿದ್ರಿ ಅಂತ ಅವ್ರೇ ಹೇಳ್ತಿದಾರಲ್ಲ, ನಿಮಗ್ಯಾಕೆ ಕಷ್ಟ?" ಎಂದಳು.

"ಮಾಡಿದ್ದೇ ನೆನಪಿಲ್ಲ ನಂಗೆ."

"ಹಾಗಾದ್ರೆ ಕೆಟ್ಟದ್ದೂ ನೀವು ಮಾಡಿಲ್ಲ" ಎಂದು ಮತ್ತೆ ಅಕ್ಕಿಗೆ ಕೈ ಹಾಕಿದಳು. ಅದು ನ್ಯಾಯವೇ ಎಂದು ಬಹಳ ಹೊತ್ತು ಯೋಚಿಸಿದೆ.

ಮುಂದಿನ ಸಭೆ ನಾವು ನಾಲ್ವರದೇ. ನಕ್ಷೆ ಮೇಜಿನ ಮೇಲಿಟ್ಟು, ಸಹಿ ನನ್ನದು ಎಂದೆ. ನೆನಪಿಲ್ಲ ಎಂದೂ ಹೇಳಿದೆ.

ಭಟ್ಟರ ಮುಖ ಕೆಂಪಾಯಿತು. ಅಷ್ಟು ಮೆತ್ತಗಿನ ಮನುಷ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಮೇಲಿನ ಮರ ಕಡಿದಾಗಿಂದ ನಾನು ಯಾರ್ಯಾರಿಗೋ ಶಾಪ ಹಾಕ್ತಾ ಬಂದೆ. ನೀವು ನನ್ನೆದುರೇ ಕೂತು ಕಾಫಿ ಕುಡಿದ್ರಿ!" ಅಷ್ಟರಲ್ಲಿ ಅವರ ಫೋನು ಬಂತು, ಮನೆಯಿಂದ. "ಇಲ್ಲೆ, ಇಲ್ಲೆ, ಈಗ ಬತ್ತೆ" ಎಂದು ಅದೇ ಸಿಟ್ಟಿನ ದನಿಯಲ್ಲಿ, ತಮ್ಮ ಮನೆಮಾತಿನಲ್ಲಿ ಹೇಳಿ ಇಟ್ಟರು. ಆದರೆ ಹೊರಡಲಿಲ್ಲ. ಬಾಗಿಲ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು.

ಮೇಷ್ಟ್ರು ನಿಧಾನವಾಗಿ ಕೇಳಿದರು: "ತಪ್ಪು ಯಾವುದು ಅಂತ ಮೊದ್ಲು ಹೇಳಿ. ಗೆರೆ ತಪ್ಪಾ, ಆ ಜನರನ್ನ ತಂದು ಇಳಿಸಿದ್ದು ತಪ್ಪಾ, ಶುಂಠಿ ತಪ್ಪಾ, ಮಳೆ ತಪ್ಪಾ? ನಂಗೆ ಲೆಕ್ಕ ಬಿಡಿಸೋಕೆ ಆಗ್ತಿಲ್ಲ."

ನಾನು ಫಾದರ್ ಕಡೆ ತಿರುಗಿದೆ. "ನಿಮ್ಮಲ್ಲಿ ತಪ್ಪು ಒಪ್ಪಿಕೊಳ್ಳೋ ಪದ್ಧತಿ ಇದೆಯಲ್ಲ. ನೆನಪಿಲ್ಲದ ತಪ್ಪಿಗೆ ಏನು ಮಾಡ್ತೀರಿ?"

ಫಾದರ್ ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. "ಅದು ನನಗೂ ಸರಿಯಾಗಿ ಗೊತ್ತಿಲ್ಲ. ಓದಿದ್ದೇನೆ. ಯಾರಿಗೂ ಹೇಳುವ ಸಂದರ್ಭ ಬಂದಿರಲಿಲ್ಲ" ಎಂದರು.

ಹತ್ತು ದಿನ ಭಟ್ಟರು ನನ್ನ ಫೋನ್ ಎತ್ತಲಿಲ್ಲ. ಕೆಲಸ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಹನ್ನೊಂದನೇ ದಿನ ಅವರೇ ಮಾಡಿದರು. ಆ ನಾಲ್ಕು ಮನೆಗಳಿಗೆ ತಾವೊಬ್ಬರೇ ಹೋಗಿದ್ದರಂತೆ. ದೇವಸ್ಥಾನದಿಂದ ಕೂಗಳತೆ ದೂರ. ಆದರೂ ಇಷ್ಟು ವರ್ಷ ಅವರು ಅಲ್ಲಿ ಹೊಸ್ತಿಲು ತುಳಿದಿರಲಿಲ್ಲ. "ಕೂತ್ಕೊಳ್ಳಿ ಅಂದ್ರು. ಕೂತೆ. ಆ ಹೆಂಗಸಿಗೂ ಬೇಸಗೆಯಲ್ಲಿ ನೀರಿಲ್ಲ ಸ್ವಾಮಿ, ಎರಡು ಮೈಲಿ ಹೊರ್‍ತಾರೆ. ಅದು ನಂಗೆ ಗೊತ್ತೇ ಇರಲಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನಿತ್ತೋ ಹೇಳಲಾರೆ.

ಮುಂದಿನ ವಾರ ನಾಲ್ವರೂ ಅಲ್ಲಿಗೆ ಹೋದೆವು. ಒರತೆಯ ಮೇಲಿನ ಇಳಿಜಾರಿನಲ್ಲಿ ಸ್ವಲ್ಪ ಅಗಲಕ್ಕೆ ಶುಂಠಿ ಬಿಟ್ಟು, ಕಾಡು ತಾನಾಗಿ ಎದ್ದು ಬರಲು ಬಿಟ್ಟರೆ ಹೇಗೆ ಎಂದು ಮೇಷ್ಟ್ರು ಕೇಳಿದರು. ಹೆಂಗಸು ಜಗಲಿಯ ಕಂಬಕ್ಕೆ ಒರಗಿ ಕೇಳಿಸಿಕೊಂಡಳು.

"ಹಕ್ಕುಪತ್ರ ಕೊಡ್ಸಿ, ಬಿಡ್ತೀವಿ. ಪತ್ರ ಇಲ್ದೆ ಬಿಟ್ರೆ, ಬಿಟ್ಟ ಜಾಗ ಇವತ್ತು ಹೋಗ್ತದೆ, ಮನೆ ನಾಳೆ ಹೋಗ್ತದೆ. ನಂಗೂ ನೀರು ಬೇಡ ಅಂತಲ್ಲ."

ಹಾಗೆ ನಮ್ಮ ಮನವಿಗೆ ಇನ್ನೊಂದು ಬೇಡಿಕೆ ಸೇರಿಕೊಂಡಿತು. ಬನಕ್ಕೆ ಗಡಿ ಹಾಕಿ ಕಾಪಾಡಿ. ಬನದ ಅಂಚಿನಲ್ಲಿ ಬದುಕುವವರಿಗೆ ಹಕ್ಕುಪತ್ರ ಕೊಡಿ. ಈ ಎರಡನೆಯದು ಬೇಡ ಎಂದು ದೊಡ್ಡ ಸಭೆಯಲ್ಲಿ ಗದ್ದಲವಾಯಿತು. "ಕಾಡು ಉಳಿಸೋಕೆ ಬಂದು ಕಾಡು ಹಂಚ್ತಿದೀರಲ್ಲ" ಎಂದು ಒಬ್ಬರು ಎದ್ದು ಹೋದರು. ಅವರು ಹೇಳಿದ್ದು ಪೂರ್ತಿ ಸುಳ್ಳೆಂದು ನನಗೂ ಅನಿಸಲಿಲ್ಲ. ಭಟ್ಟರು ಮಾತ್ರ ಎದ್ದು ನಿಂತು, "ಎರಡೂ ಇದ್ದರೆ ನನ್ನ ಸಹಿ, ಒಂದೇ ಆದ್ರೆ ಇಲ್ಲ" ಎಂದರು. ಮೇಷ್ಟ್ರು ಅವರ ಕೆಳಗೆ ಸಹಿ ಹಾಕಿದರು. ಫಾದರ್ ಹಾಕಿದರು. ನಾನೂ ಹಾಕಿದೆ. ಹೆಂಡತಿಯ ಮಾತು ಮೀರಿದ್ದು ಅಲ್ಲಿಯೇ.

ಮನವಿ ಕೊಡಲು ಜೀಪಿನಲ್ಲಿ ಜಿಲ್ಲಾ ಕಚೇರಿಗೆ ಹೊರಟೆವು. ಆನಂದಪುರದಲ್ಲಿ ಇಳಿದು ಇಡ್ಲಿ ತಿಂದೆವು. ಅಲ್ಲಿ ಒಬ್ಬರು ನಮ್ಮ ಮೂರು ವೇಷ ನೋಡಿ, ಯಾವ ಪಕ್ಷದ ಪ್ರಚಾರ ಎಂದು ಕೇಳಿದರು. ಕಚೇರಿಯಲ್ಲಿ ಅಧಿಕಾರಿ ಕಾಗದವನ್ನು ಗಮನವಿಟ್ಟು ಓದಿದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

"ಇದು ಕಾಡು ಉಳಿಸಿ ಅಂತನಾ, ಜಾಗ ಕೊಡಿ ಅಂತನಾ?"

"ಎರಡೂ ಸಾರ್" ಎಂದರು ಮೇಷ್ಟ್ರು.

"ಅದು ಬೇರೆ ವಿಭಾಗ, ಇದು ಬೇರೆ ವಿಭಾಗ. ಎಲ್ಲಿಗೆ ಕಳಿಸಲಿ?" ಅವರಿಗೂ ನಿಜವಾಗಿ ಗೊಂದಲವಾಗಿತ್ತು. ಪುಟ ತಿರುಗಿಸಿ, "ಈ ಮಾಲೀಕರ ಕಾಲಂ ಖಾಲಿ ಇದೆಯಲ್ಲ?" ಎಂದರು. ಮೂವರೂ ನನ್ನ ಮುಖ ನೋಡಿದರು. ನಾನು, "ಅದು ತೀರ್ಮಾನ ಆಗಿಲ್ಲ ಸಾರ್" ಎಂದೆ. ಅವರು ನಕ್ಕು, ಎಲ್ಲ ವಿಭಾಗಕ್ಕೂ ಒಂದೊಂದು ಪ್ರತಿ ಕಳಿಸುವುದಾಗಿ ಹೇಳಿ ಮೊಹರು ಹಾಕಿ ಕೊಟ್ಟರು. ಕಾಗದ ಇನ್ನೂ ಪರಿಶೀಲನೆಯಲ್ಲಿದೆ.

ಆದರೆ ಆ ವರ್ಷ ಶುಂಠಿ ನೆಡುವ ಹೊತ್ತಿಗೆ ಆ ಹೆಂಗಸು ಒರತೆಯ ಮೇಲೆ ಒಂದಿಷ್ಟು ಜಾಗ ಉಳದೆ ಬಿಟ್ಟಳು. ಪತ್ರ ಬಂದಿರಲಿಲ್ಲ. ಬರುವ ಸುಳಿವೂ ಇರಲಿಲ್ಲ. ಯಾಕೆ ಬಿಟ್ಟೆ ಎಂದು ಭಟ್ಟರು ಕೇಳಿದರೆ, "ನೀವು ನಮ್ಮನೇಲಿ ಕೂತ್ರಲ್ಲ" ಎಂದಳಂತೆ. ಪಕ್ಕದ ಮನೆಯವರು ತಮ್ಮ ಪಾಲಿನ ನೆಲ ಬಿಡಲಿಲ್ಲ. ಹಾಗಾಗಿ ಅರ್ಧ ಇಳಿಜಾರು ಹಸಿರು, ಅರ್ಧ ಕೆಂಪು.

ಮುಂದಿನ ಏಪ್ರಿಲಿನಲ್ಲಿ ಒರತೆಯಲ್ಲಿ ನೀರಿತ್ತು. ಬಿಂದಿಗೆ ತುಂಬಲು ಬಹಳ ಹೊತ್ತು ಹಿಡಿಯುವಷ್ಟು ಸಣ್ಣ ಧಾರೆ. ಭಟ್ಟರು ಫೋನ್ ಮಾಡಿ ಕರೆಸಿದರು, ನಾವು ಮೂವರೂ ಹೋಗಿ ನೋಡಿದೆವು. ಬಿಟ್ಟ ಜಾಗದ ಫಲ ಎಂದರು ಭಟ್ಟರು. ಒಂದೇ ವರ್ಷಕ್ಕೆ ಹಾಗೆಲ್ಲ ಆಗುವುದಿಲ್ಲ, ಹೋದ ವರ್ಷ ಮಳೆ ದೀಪಾವಳಿ ಕಳೆದ ಮೇಲೂ ನಿಲ್ಲಲಿಲ್ಲವಲ್ಲ, ಅದರದ್ದು ಎಂದರು ಮೇಷ್ಟ್ರು. ಅಕಾಲದ ಅದೇ ಮಳೆಗೆ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಂದು ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಒರತೆಗೆ ಒಳ್ಳೆಯದಾದದ್ದು ಕೆಟ್ಟ ಮಳೆಯಿಂದಲೇ ಆಗಿದ್ದರೆ ಸಂತೋಷಪಡಬೇಕೋ ಬೇಡವೋ ತಿಳಿಯದೆ, ಬೊಗಸೆಯಲ್ಲಿ ಹಿಡಿದು ಕುಡಿದೆ. ತಣ್ಣಗಿತ್ತು.

ಅವತ್ತೇ ಧೈರ್ಯ ಮಾಡಿ ಆ ಹೆಂಗಸಿನ ಮನೆಗೆ ಒಬ್ಬನೇ ಹತ್ತಿದೆ. ಅವಳು ಅಂಗಳದಲ್ಲಿ ಹುಣಸೆಹಣ್ಣು ಒಣಗಿಸುತ್ತಿದ್ದಳು. ನಕ್ಷೆ ತೋರಿಸಿ, "ನಿಮ್ಮತ್ತೆ ಹೇಳ್ತಿದ್ದ ಸರ್ವೇಯರ್ ನಾನೇ" ಎಂದೆ.

ಅವಳು ಸಹಿ ನೋಡಲಿಲ್ಲ, ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ.

"ಅವ್ರು ಬೆಳ್ಳಗೆ ಎತ್ತರಕ್ಕೆ ಇದ್ರಂತೆ. ಕನ್ನಡಕ ಇತ್ತಂತೆ. ನೀವಲ್ಲ ಬಿಡಿ."

ನಾನು ಕಪ್ಪು, ಗಿಡ್ಡ. ಕನ್ನಡಕ ಬಂದದ್ದು ಐವತ್ತರ ಮೇಲೆ. ಆ ಕಾಲದಲ್ಲಿ ಒಬ್ಬರು ಅಳೆದು ಬಂದದ್ದಕ್ಕೆ ಇನ್ನೊಬ್ಬರು ನಕ್ಷೆ ಬರೆದು ಸಹಿ ಹಾಕುವುದೂ ಇತ್ತು. ನನ್ನ ಜೊತೆ ಕೆಲಸಕ್ಕಿದ್ದ ಒಬ್ಬ ಹಿರಿಯ ಸಹೋದ್ಯೋಗಿ ಬೆಳ್ಳಗೆ, ಎತ್ತರಕ್ಕೆ ಇದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಗೆರೆಗೆ ನಾನು ಸಹಿ ಹಾಕಿದೆನೇ? ಒಂದು ವರ್ಷ ಹೊತ್ತು ತಿರುಗಿದ ಭಾರ ನನ್ನದಲ್ಲವೇ? ಹಗುರವಾಗಬೇಕಾಗಿತ್ತು. ಆಗಲಿಲ್ಲ. ತಪ್ಪು ನನ್ನದಲ್ಲದಿದ್ದರೆ ಕರುಣೆಯೂ ನನ್ನದಲ್ಲ ಎಂಬುದು ಯಾಕೋ ಚುಚ್ಚಿತು. ಅವಳು ಒಳಗೆ ಹೋಗಿ ಬೆಲ್ಲ, ನೀರು ತಂದುಕೊಟ್ಟಳು. ಕುಡಿದು ಇಳಿದು ಬಂದೆ.

ಜೀಪಿನ ಹತ್ತಿರ ಮೂವರೂ ಕಾಯುತ್ತಿದ್ದರು. ಫಾದರ್ ಒಂದು ಕಾಗದ ತೋರಿಸಿದರು. ಶರಾವತಿ ಹಿನ್ನೀರು ದಾಟಿ, ತುಮರಿಯ ಆಚೆಯ ಒಂದು ಊರಿನವರು ಬರೆದಿದ್ದರು. ಅವರಲ್ಲೂ ಬನವಿದೆ, ಅಂಚಿನಲ್ಲಿ ಮನೆಗಳಿವೆ, ಬಂದು ಅಳೆದು ಕೊಡಬೇಕು. ಸೇತುವೆ ಆಗಿದೆಯಲ್ಲ, ಲಾಂಚಿಗೆ ಕಾಯುವ ತೊಂದರೆ ಇಲ್ಲ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದರು ಮೇಷ್ಟ್ರು.

"ಟೇಪ್ ತರ್ತೀರಲ್ಲ?" ಎಂದರು ಭಟ್ಟರು.

"ಟೇಪ್ ಜೀಪಲ್ಲೇ ಇರ್ಲಿ" ಎಂದೆ. "ಮೊದ್ಲು ಆ ಮನೆಗಳಿಗೆ ಹೋಗಿ ಕೂರೋಣ. ಆಮೇಲೆ ನೋಡೋಣ."

ಮೇಷ್ಟ್ರು ಕಾಗದ ತಿರುಗಿಸಿ, ಎಷ್ಟು ಮನೆಗಳಿವೆ ಎಂದು ಅದರಲ್ಲಿ ಬರೆದಿದ್ದಾರೋ ಎಂದು ಹುಡುಕತೊಡಗಿದರು. ಬರೆದಿರಲಿಲ್ಲ.